ಇಪ್ಪತ್ತು ಸಾವಿರದ ರಾಜ್ಯ: ವಿಸ್ಕಾನ್ಸಿನ್ ಮತ್ತು ಅಧ್ಯಕ್ಷರ ಚುನಾವಣೆ

(ಸಭೆಯೊಂದರಲ್ಲಿ ಕೊಟ್ಟ ಉಪನ್ಯಾಸದ ಬರಹ ರೂಪ. ಓದಲು ಅನುಕೂಲವಾಗಲಿ ಅಂತ ಅಲ್ಲಲ್ಲಿ ತಿದ್ದಿದ್ದೇನೆ. ಸಭಿಕರು ಕೇಳಿದ ಪ್ರಶ್ನೆಗಳು ಕೊನೆಯಲ್ಲಿವೆ.)

ಎಲ್ಲರಿಗೂ ನಮಸ್ಕಾರ. ಹಿಂದೆ ಕೂತವರಿಗೆ ಬೋರ್ಡ್ ಕಾಣಿಸಲಿಕ್ಕಿಲ್ಲ, ನಾನೇ ಓದಿಬಿಡುತ್ತೇನೆ. 5,708. 11,384. 22,748. 20,682. 29,397.

ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿ 2000, 2004, 2016, 2020, 2024ರ ಅಧ್ಯಕ್ಷರ ಚುನಾವಣೆಗಳಲ್ಲಿ ಗೆದ್ದವರಿಗೆ ಸಿಕ್ಕ ಲೀಡ್ ಇದು. ಯಾವುದೋ ಒಂದು ಕ್ಷೇತ್ರದ್ದಲ್ಲ, ಇಡೀ ರಾಜ್ಯದ್ದು. 2000ದಲ್ಲಿ ಅಲ್ಲಿ ಸುಮಾರು 26 ಲಕ್ಷ ಜನ ಮತ ಹಾಕಿದ್ದರು, 2024ರಲ್ಲಿ 34 ಲಕ್ಷ. ಐದು ಸಲವೂ ಅಂತರ ನೂರಕ್ಕೆ ಒಂದು ಮತವೂ ಇಲ್ಲ.

ಕಡಿಮೆ ಅಂತರ ಅಂದ ತಕ್ಷಣ ನಮಗೆ ಸಂತೇಮರಹಳ್ಳಿ ನೆನಪಾಗುತ್ತದೆ. 2004ರ ವಿಧಾನಸಭೆ ಚುನಾವಣೆಯಲ್ಲಿ ಧ್ರುವನಾರಾಯಣ ಅಲ್ಲಿ ಗೆದ್ದದ್ದು ಒಂದೇ ಒಂದು ಮತದಿಂದ. ಅದರ ಮುಂದೆ 20 ಸಾವಿರ ದೊಡ್ಡ ಲೀಡೇ, ಅಲ್ವಾ? ಆದರೆ ಸಂತೇಮರಹಳ್ಳಿಯ ಆ ಒಂದು ಮತ ತೀರ್ಮಾನ ಮಾಡಿದ್ದು ಒಂದು ಸೀಟನ್ನು. ವಿಸ್ಕಾನ್ಸಿನ್‌ನ ಈ ಸಣ್ಣ ಲೀಡ್‌ಗಳು ಶ್ವೇತಭವನಕ್ಕೆ ಯಾರು ಹೋಗಬೇಕು ಅನ್ನುವುದನ್ನೇ ತೀರ್ಮಾನ ಮಾಡುವ ಮಟ್ಟಕ್ಕೆ ಬಂದಿವೆ.

ಅಲ್ಲಿನ ಪದ್ಧತಿ ಗೊತ್ತಿಲ್ಲದವರಿಗೆ ಬೇಗ ಹೇಳಿಬಿಡುತ್ತೇನೆ. ಅಮೆರಿಕದಲ್ಲಿ ದೇಶದ ಮತವನ್ನೆಲ್ಲ ಒಟ್ಟಿಗೆ ಕೂಡಿ ಅಧ್ಯಕ್ಷರನ್ನು ಆರಿಸುವುದಿಲ್ಲ. ಒಂದೊಂದು ರಾಜ್ಯಕ್ಕೂ ಇಷ್ಟಿಷ್ಟು ಅಂತ ಎಲೆಕ್ಟೋರಲ್ ಮತಗಳಿವೆ. ಒಟ್ಟು 538, ಗೆಲ್ಲಲು 270 ಬೇಕು. ಮೇನ್, ನೆಬ್ರಾಸ್ಕ ಬಿಟ್ಟರೆ ಬೇರೆಲ್ಲ ರಾಜ್ಯಗಳಲ್ಲಿ ಯಾರು ಮುಂದೋ ಅವರಿಗೇ ಆ ರಾಜ್ಯದ ಪಾಲು ಪೂರ್ತಿ. ವಿಸ್ಕಾನ್ಸಿನ್‌ನ ಪಾಲು 10.

2020ರ ಲೆಕ್ಕ ನೋಡಿ. ದೇಶದಲ್ಲಿ ಬೈಡನ್‌ಗೆ ಟ್ರಂಪ್‌ಗಿಂತ 70 ಲಕ್ಷ ಮತ ಜಾಸ್ತಿ ಬಿತ್ತು. ಆದರೆ ಅರಿಜೋನಾದಲ್ಲಿ ಅವರ ಲೀಡ್ 10,457. ಜಾರ್ಜಿಯಾದಲ್ಲಿ 11,779. ವಿಸ್ಕಾನ್ಸಿನ್‌ನಲ್ಲಿ 20,682. ಮೂರೂ ಸೇರಿದರೆ 43 ಸಾವಿರ ತುಂಬುವುದಿಲ್ಲ. ಈ ಮೂರು ರಾಜ್ಯ ಆ ಕಡೆ ವಾಲಿದ್ದರೆ ಫಲಿತಾಂಶ 269–269. ನಿಮ್ಮಲ್ಲಿ ಹಲವರ ಮಕ್ಕಳು ಕ್ಯಾಲಿಫೋರ್ನಿಯಾದಲ್ಲಿ ಇರಬಹುದು. ಅಲ್ಲಿ ಯಾರು ಗೆಲ್ಲುತ್ತಾರೆ ಅನ್ನುವುದು 1992ರಿಂದ ಪ್ರಶ್ನೆಯೇ ಅಲ್ಲ. ಹಾಗಾಗಿ ಅಭ್ಯರ್ಥಿಗಳು ಅಲ್ಲಿಗೆ ಬರುವುದು ಚಂದಾ ಎತ್ತಲಿಕ್ಕೆ, ಮತ ಕೇಳಲು ಓಡುವುದು ವಿಸ್ಕಾನ್ಸಿನ್‌ನಂಥ ಕಡೆಗೆ.

ಇನ್ನು ಇವತ್ತಿನ ವಿಷಯ. ಲೀಡ್ ನೋಡಿದರೆ ಯಾರು ಗೆದ್ದರು ಅಂತ ಗೊತ್ತಾಗುತ್ತದೆ. ಜನ ಏನು ಮಾಡಿದರು ಅನ್ನುವುದು ಅದರಲ್ಲಿ ಸಿಗುವುದಿಲ್ಲ. ಆದರೂ ನಾವು ಟಿವಿ ಮುಂದೆ ಕೂತು ಅದನ್ನೇ ಅದರಿಂದ ಹಿಂಡಲು ನೋಡುತ್ತೇವೆ.

ಈ ರಾಜ್ಯ ಮೊದಲಿನಿಂದಲೂ ಇಂತಿಷ್ಟೇ ಅಂತ ಅಳತೆಗೆ ಸಿಕ್ಕಿದ್ದಲ್ಲ. ರಿಪಬ್ಲಿಕನ್ ಪಕ್ಷ ಹುಟ್ಟಿದ ಊರು ತನ್ನದು ಅಂತ ಇಲ್ಲಿನ ರಿಪನ್ ಅನ್ನುವ ಸಣ್ಣ ಪಟ್ಟಣ ಹೇಳಿಕೊಳ್ಳುತ್ತದೆ. 1854ರಲ್ಲಿ ಅಲ್ಲಿನ ಶಾಲೆಯ ಒಂದು ಕೋಣೆಯಲ್ಲಿ ಸಭೆ ಸೇರಿದ್ದರು. ಅದೇ ರಾಜ್ಯದ ದೊಡ್ಡ ನಗರ ಮಿಲ್ವಾಕಿ 1910ರಿಂದ 1960ರ ನಡುವೆ ಮೂವರು ಸಮಾಜವಾದಿ ಮೇಯರ್‌ಗಳನ್ನು ಆರಿಸಿತು. 1924ರಲ್ಲಿ ರಾಜ್ಯದ ಸೆನೆಟರ್ ರಾಬರ್ಟ್ ಲಾ ಫಾಲೆಟ್ ಎರಡೂ ದೊಡ್ಡ ಪಕ್ಷಗಳನ್ನು ಎದುರು ಹಾಕಿಕೊಂಡು ಪ್ರೋಗ್ರೆಸಿವ್ ಪಕ್ಷದಿಂದ ಅಧ್ಯಕ್ಷ ಸ್ಥಾನಕ್ಕೆ ನಿಂತರು. ಇಡೀ ದೇಶದಲ್ಲಿ ಅವರು ಗೆದ್ದದ್ದು ಒಂದೇ ರಾಜ್ಯ, ತಮ್ಮ ವಿಸ್ಕಾನ್ಸಿನ್. ಅದೂ ಶೇ. 54ರಷ್ಟು ಮತ ತೆಗೆದುಕೊಂಡು. ಅವರ ನಂತರ ಮಗ ಸೆನೆಟರ್ ಆದರು. 1946ರಲ್ಲಿ ಆ ಮಗನನ್ನು ಪಕ್ಷದ ಒಳಚುನಾವಣೆಯಲ್ಲಿ, ಅಂದರೆ ಪಕ್ಷದ ಅಭ್ಯರ್ಥಿ ಯಾರಾಗಬೇಕು ಅಂತ ಆರಿಸುವ ಚುನಾವಣೆಯಲ್ಲಿ, ಸುಮಾರು 5 ಸಾವಿರ ಮತಗಳಿಂದ ಸೋಲಿಸಿದವರು ಯಾರು ಗೊತ್ತಾ? ಜೋಸೆಫ್ ಮೆಕಾರ್ಥಿ. ಮುಂದೆ ಎಲ್ಲೆಲ್ಲೂ ಕಮ್ಯುನಿಸ್ಟರನ್ನೇ ಹುಡುಕಿದರಲ್ಲ, ಅವರೇ. ಅಪ್ಪ ಮಗ ಇಬ್ಬರನ್ನೂ ಗೆಲ್ಲಿಸಿದ ರಾಜ್ಯವೇ ಮೆಕಾರ್ಥಿಯನ್ನೂ ಗೆಲ್ಲಿಸಿತು.

1960ರಲ್ಲಿ ಕೆನಡಿ ಏಪ್ರಿಲ್‌ನ ಒಳಚುನಾವಣೆಯನ್ನು ಇಲ್ಲಿ ಗೆದ್ದರು, ನವೆಂಬರ್‌ನಲ್ಲಿ ಸೋತರು. 1984ರಲ್ಲಿ ರೇಗನ್ ಸುಲಭವಾಗಿ ಗೆದ್ದರು. ಆಮೇಲೆ 1988ರಿಂದ 2012ರವರೆಗೆ ಸತತ ಏಳು ಸಲ ಡೆಮಾಕ್ರಟಿಕ್ ಪಕ್ಷ. ಅಷ್ಟಾದ ಮೇಲೆ ಪತ್ರಿಕೆಗಳು ಇದನ್ನು ಆ ಪಕ್ಷದ ನೀಲಿ ಗೋಡೆ ಅಂತ ಕರೆಯಲು ಶುರು ಮಾಡಿದವು, ನೀಲಿ ಆ ಪಕ್ಷದ ಬಣ್ಣ. ಆ ಗೋಡೆಯಲ್ಲಿ 5,708ರ ಬಿರುಕು, 11,384ರ ಬಿರುಕು ಎರಡೂ ಇದ್ದವು. ಆದರೆ 2008ರಲ್ಲಿ ಒಬಾಮಾ 4,14,818 ಮತಗಳ ಅಂತರದಲ್ಲಿ ಗೆದ್ದರು, 2012ರಲ್ಲಿ 2,13,019. ಈ ಎರಡು ದೊಡ್ಡ ಸಂಖ್ಯೆ ನೋಡಿದವರು ಹಿಂದಿನ ಎರಡು ಸಣ್ಣ ಸಂಖ್ಯೆ ಮರೆತರು.

2016ರಲ್ಲಿ ಒಳಚುನಾವಣೆ ಮುಗಿದ ಮೇಲೆ ಹಿಲರಿ ಕ್ಲಿಂಟನ್ ಪ್ರಚಾರಕ್ಕೆ ಒಂದು ಸಲವೂ ಈ ರಾಜ್ಯಕ್ಕೆ ಬರಲಿಲ್ಲ. ಮಿಲ್ವಾಕಿಯ ಮಾರ್ಕೆಟ್ (Marquette) ವಿಶ್ವವಿದ್ಯಾಲಯದ ಕಾನೂನು ಕಾಲೇಜು ನಡೆಸುವ ಸಮೀಕ್ಷೆಗೆ ಅಲ್ಲಿ ಒಳ್ಳೆ ಹೆಸರಿದೆ. ಅದರ ಕೊನೆಯ ಸಮೀಕ್ಷೆಯಲ್ಲಿ ಕ್ಲಿಂಟನ್ 46, ಟ್ರಂಪ್ 40. ಎಣಿಕೆ ಮುಗಿದಾಗ ಟ್ರಂಪ್ 22,748 ಮತಗಳಿಂದ ಮುಂದಿದ್ದರು.

ಇಲ್ಲಿ ಸ್ವಲ್ಪ ನಿಧಾನ ಮಾಡೋಣ. ವಿಸ್ಕಾನ್ಸಿನ್ ಟ್ರಂಪ್ ಕಡೆ ತಿರುಗಿತು ಅಂತ ಎಲ್ಲರೂ ಬರೆದರು. 2012ರಲ್ಲಿ ಸೋತ ರಿಪಬ್ಲಿಕನ್ ಅಭ್ಯರ್ಥಿ ಮಿಟ್ ರಾಮ್ನಿ ತೆಗೆದುಕೊಂಡ ಮತ 14,07,966. 2016ರಲ್ಲಿ ಗೆದ್ದ ಟ್ರಂಪ್ ತೆಗೆದುಕೊಂಡದ್ದು 14,05,284. ಗೆದ್ದವರಿಗೆ ಸೋತವರಿಗಿಂತ ಎರಡೂವರೆ ಸಾವಿರಕ್ಕೂ ಜಾಸ್ತಿ ಮತ ಕಡಿಮೆ! ರಾಮ್ನಿ ಜೊತೆ ಉಪಾಧ್ಯಕ್ಷ ಸ್ಥಾನಕ್ಕೆ ನಿಂತಿದ್ದ ಪಾಲ್ ರಯಾನ್ ಇದೇ ರಾಜ್ಯದ ಜೇನ್ಸ್‌ವಿಲ್‌ನವರು, ಊರ ಹುಡುಗ ಅನ್ನುವ ಅನುಕೂಲ ಇತ್ತು ಅನ್ನಿ. ಈಗ ಇನ್ನೊಂದು ಕಡೆ ನೋಡಿ. ಒಬಾಮಾಗೆ 16,20,985 ಬಿದ್ದಿತ್ತು, ಕ್ಲಿಂಟನ್‌ಗೆ 13,82,536. ಸುಮಾರು 2 ಲಕ್ಷ 38 ಸಾವಿರ ಖೋತಾ. ಒಟ್ಟು ಮತದಾನ 92 ಸಾವಿರದಷ್ಟು ಇಳಿದಿತ್ತು. ಎರಡೂ ಪಕ್ಷ ಬಿಟ್ಟು ಬೇರೆಯವರಿಗೆ ಬಿದ್ದ ಮತ 39 ಸಾವಿರದಿಂದ 1 ಲಕ್ಷ 88 ಸಾವಿರಕ್ಕೆ ಏರಿತ್ತು.

ಕೂಡಿ ಕಳೆದರೆ ಲೆಕ್ಕ ಸರಿಹೋಗುತ್ತದೆ. ಅಂದರೆ ಟ್ರಂಪ್ ಕಡೆ ಯಾರೂ ಬರಲಿಲ್ಲ, ಕ್ಲಿಂಟನ್‌ರನ್ನು ಬಿಟ್ಟು ಹೋದವರು ಮಾತ್ರ ಇದ್ದರು ಅಂತಲಾ? ಅದೂ ಅಲ್ಲ. ಟ್ರಂಪ್ ಮತಗಳೇನೋ ರಾಮ್ನಿಯ ಮತಗಳಷ್ಟೇ ಇದ್ದವು, ಆದರೆ ಹಾಕಿದವರು ಅವರೇ ಅಲ್ಲ. ಹಗ್ಗಜಗ್ಗಾಟದಲ್ಲಿ ಹಗ್ಗ ಒಂದು ಗೇಣು ಮಾತ್ರ ಸರಿದಿದೆ ಅಂದರೆ ಎರಡೂ ಕಡೆಯವರು ಸುಮ್ಮನೆ ನಿಂತಿದ್ದರು ಅಂತ ಅಲ್ಲವಲ್ಲ. ಅದು ಕಾಣಬೇಕಾದರೆ ರಾಜ್ಯದ ಒಳಗೆ ಇಳಿಯಬೇಕು. ವಿಸ್ಕಾನ್ಸಿನ್‌ನಲ್ಲಿ 72 ಕೌಂಟಿಗಳಿವೆ, ನಮ್ಮ ಜಿಲ್ಲೆಗಳ ಹಾಗೆ ಅಂದುಕೊಳ್ಳಿ. ಎಲ್ಲ ಹೇಳುತ್ತಾ ಕೂತರೆ ನೀವು ಎದ್ದು ಹೋಗುತ್ತೀರಿ. ಕೆಲವನ್ನು ಮಾತ್ರ ನೋಡೋಣ.

ಮಿಲ್ವಾಕಿಯ ಪಕ್ಕಕ್ಕೆ ವಾಕಿಶಾ ಕೌಂಟಿ. ಅನುಕೂಲಸ್ಥರ ಬಡಾವಣೆಗಳು, ಓದಿದವರು ಜಾಸ್ತಿ. ರಿಪಬ್ಲಿಕನ್ನರಿಗೆ ತಲೆತಲಾಂತರದಿಂದ ಇದು ಭದ್ರ ಕೋಟೆ. ರಾಮ್ನಿಗೆ ಇಲ್ಲಿ ಶೇ. 67ರ ಹತ್ತಿರ ಬಿತ್ತು. 2020ರಲ್ಲಿ ಟ್ರಂಪ್‌ಗೆ ಸುಮಾರು 60. ಅದಕ್ಕಿಂತ ಮೇಲೆ, ಮಿಶಿಗನ್ ಸರೋವರದ ದಡದ ಓಝಾಕಿ ಕೌಂಟಿಯಲ್ಲಿ ಇಳಿತ ಇನ್ನೂ ಜೋರು. ಕೋಟೆ ಬಿದ್ದಿಲ್ಲ, ಆದರೆ ಅಲ್ಲಿಂದ ಸಿಗುತ್ತಿದ್ದ ಲೀಡ್ ಕರಗುತ್ತಿದೆ.

ಡೇನ್ ಕೌಂಟಿ ರಾಜಧಾನಿ ಮ್ಯಾಡಿಸನ್ ಇರುವ ಜಾಗ. ವಿಶ್ವವಿದ್ಯಾಲಯ, ಸರ್ಕಾರಿ ಕಚೇರಿಗಳು. ಪಕ್ಕದ ವೆರೋನಾದಲ್ಲಿ ಆಸ್ಪತ್ರೆಗಳಿಗೆ ಸಾಫ್ಟ್‌ವೇರ್ ಮಾಡುವ ಎಪಿಕ್ ಅನ್ನುವ ದೊಡ್ಡ ಕಂಪನಿ ಇದೆ. ಜನಸಂಖ್ಯೆ ಬೆಳೆಯುತ್ತಲೇ ಇದೆ, ಡೆಮಾಕ್ರಟಿಕ್ ಲೀಡ್ ಕೂಡ. 2012ರಲ್ಲಿ ಈ ಒಂದು ಕೌಂಟಿ ಕೊಟ್ಟ ಲೀಡ್ 1.3 ಲಕ್ಷ, 2020ರಲ್ಲಿ 1.8 ಲಕ್ಷ. ರಾಜ್ಯದ ಲೀಡ್ 20 ಸಾವಿರ ಇರುವಾಗ ಒಂದೇ ಕೌಂಟಿಯಲ್ಲಿ 50 ಸಾವಿರದ ಏರಿಕೆ. ಬೇರೆ ಕಡೆ ಯಾರೋ ಅಷ್ಟೇ ಎಳೆಯದಿದ್ದರೆ ಡೆಮಾಕ್ರಟರು ಇಲ್ಲಿ ಎಂದೂ ಸೋಲಬಾರದು.

ಆ ಬೇರೆ ಕಡೆ ಯಾವುದು ಅಂದರೆ ರಾಜ್ಯದ ನೈಋತ್ಯ ಮೂಲೆಯ ಡ್ರಿಫ್ಟ್‌ಲೆಸ್ ಸೀಮೆ. ಹಿಮಯುಗದ ನೀರ್ಗಲ್ಲುಗಳು ಸುತ್ತಲ ನೆಲವನ್ನೆಲ್ಲ ಉಜ್ಜಿ ಸಪಾಟು ಮಾಡಿದರೂ ಈ ಜಾಗ ತಪ್ಪಿಸಿಕೊಂಡಿತು. ಹಾಗಾಗಿ ಗುಡ್ಡ, ಕಣಿವೆ, ತೊರೆ, ನಡುನಡುವೆ ಹಾಲಿನ ಫಾರ್ಮ್. ಗ್ರಾಂಟ್, ಕ್ರಾಫರ್ಡ್, ವರ್ನನ್, ರಿಚ್‌ಲ್ಯಾಂಡ್, ಲಾಫಯೆಟ್. ಈ ಕೌಂಟಿಗಳಲ್ಲಿ ಜನ ಬಹುತೇಕ ಬಿಳಿಯರು, ಹಳ್ಳಿಯವರು. ಇಂಥ ಹಳ್ಳಿಗಳು ಅಮೆರಿಕದ ಬೇರೆ ಕಡೆ ಯಾವಾಗಲೋ ರಿಪಬ್ಲಿಕನ್ ಆಗಿದ್ದವು. ಇಲ್ಲಿನವರು ಒಬಾಮಾಗೆ ಎರಡು ಸಲ ಹಾಕಿದರು. 2016ರಲ್ಲಿ ಐದೂ ಟ್ರಂಪ್ ಕಡೆ ಹೋದವು, ಮತ್ತೆ ವಾಪಸ್ ಬಂದಿಲ್ಲ.

ಯಾಕೆ ಅಂತ ಕೇಳಿದರೆ ಒಂದೇ ಉತ್ತರ ಕೊಡುವವರನ್ನು ನಾನು ನಂಬುವುದಿಲ್ಲ. ಹಾಲಿನ ಕಥೆ ಅದರಲ್ಲಿ ಖಂಡಿತ ಇದೆ. ರಾಜ್ಯದ ವಾಹನಗಳ ನಂಬರ್ ಪ್ಲೇಟಿನ ಮೇಲೆ ಅಮೆರಿಕದ ಹೈನುನಾಡು ಅಂತಲೇ ಬರೆದಿರುತ್ತದೆ. ಆದರೆ 2004ರ ಹೊತ್ತಿಗೆ 16 ಸಾವಿರದ ಹತ್ತಿರ ಇದ್ದ ಪರವಾನಗಿ ಪಡೆದ ಹೈನು ಫಾರ್ಮ್‌ಗಳು ಇಪ್ಪತ್ತು ವರ್ಷದಲ್ಲಿ 6 ಸಾವಿರಕ್ಕಿಂತ ಕೆಳಗೆ ಬಂದವು. ಹಾಲು ಕಡಿಮೆಯಾಗಲಿಲ್ಲ, ದೊಡ್ಡ ಫಾರ್ಮ್‌ಗಳಿಂದ ಬರುತ್ತಿದೆ. ಐವತ್ತು, ಅರವತ್ತು ಹಸು ಕಟ್ಟಿಕೊಂಡಿದ್ದ ಮನೆಗಳು ಕೊಟ್ಟಿಗೆ ಮುಚ್ಚಿದವು. ಮ್ಯಾಡಿಸನ್‌ನ ರಾಜ್ಯಶಾಸ್ತ್ರಜ್ಞೆ ಕ್ಯಾಥರೀನ್ ಕ್ರೇಮರ್ 2007ರಿಂದ ವರ್ಷಗಟ್ಟಲೆ ಊರೂರಿನ ಹೋಟೆಲ್, ಪೆಟ್ರೋಲ್ ಬಂಕ್‌ಗಳಲ್ಲಿ ಬೆಳಗಿನ ಕಾಫಿಗೆ ಸೇರುವವರ ಜೊತೆ ಕೂತು ಮಾತು ಕೇಳಿದರು. ಅಧಿಕಾರ ಎಲ್ಲ ಮ್ಯಾಡಿಸನ್, ಮಿಲ್ವಾಕಿಯಲ್ಲಿದೆ, ದುಡ್ಡೂ ಅಲ್ಲಿಗೇ ಹೋಗುತ್ತದೆ, ನಮ್ಮನ್ನು ಅವರು ಲೆಕ್ಕಕ್ಕೇ ಇಟ್ಟಿಲ್ಲ. ಆ ಮಾತುಕತೆಗಳಲ್ಲಿ ಮತ್ತೆ ಮತ್ತೆ ಬಂದದ್ದು ಈ ದೂರು. ಬೆಂಗಳೂರಿನ ಬಗ್ಗೆ ಇಂಥ ಮಾತು ಕೇಳಿದ ನಮಗೆ ಇದೇನೂ ಹೊಸದಲ್ಲ. ಗಮನಿಸಬೇಕಾದದ್ದು ಏನು ಅಂದರೆ, ಈ ಸಿಟ್ಟು ಟ್ರಂಪ್ ಬರುವ ಎಷ್ಟೋ ವರ್ಷ ಮೊದಲೇ ಇತ್ತು. ಇದೇ ಸಿಟ್ಟಿನವರು ಒಬಾಮಾಗೂ ಮತ ಹಾಕಿದ್ದರು.

ಇನ್ನು ಸಾಕ್ ಕೌಂಟಿ ನನಗೆ ಬಹಳ ಇಷ್ಟ. ಮ್ಯಾಡಿಸನ್‌ಗೆ ಸ್ವಲ್ಪ ದೂರ, ಡ್ರಿಫ್ಟ್‌ಲೆಸ್‌ಗೆ ಹತ್ತಿರ. 2016ರಲ್ಲಿ ಟ್ರಂಪ್ ಇಲ್ಲಿ 109 ಮತಗಳಿಂದ ಮುಂದೆ. 2020ರಲ್ಲಿ ಬೈಡನ್ ಆರುನೂರು ಚಿಲ್ಲರೆ ಮತಗಳಿಂದ ಮುಂದೆ. 2024ರಲ್ಲಿ ಮತ್ತೆ ಟ್ರಂಪ್. ರಾಜ್ಯ ಹೇಗೆ ಹೊರಳಿತೋ ಹಾಗೆ ಇದೂ ಹೊರಳಿದೆ. ಸರೋವರಕ್ಕೆ ಚಾಚಿಕೊಂಡ ಡೋರ್ ಕೌಂಟಿಗೂ ಹೀಗೇ ಹೆಸರಿತ್ತು, ಅದು 2024ರಲ್ಲಿ ಸೋತ ಹ್ಯಾರಿಸ್‌ರನ್ನು ಗೆಲ್ಲಿಸಿ ಹೆಸರು ಕಳೆದುಕೊಂಡಿತು.

ಎಣಿಕೆಯ ರಾತ್ರಿಯ ವಿಷಯ ಹೇಳದೆ ಇದು ಮುಗಿಯುವುದಿಲ್ಲ, ಯಾಕೆಂದರೆ ಜಗಳ ಎಲ್ಲ ಶುರುವಾದದ್ದು ಅಲ್ಲಿ.

ವಿಸ್ಕಾನ್ಸಿನ್ ಕಾನೂನಿನ ಪ್ರಕಾರ ಅಂಚೆಯಲ್ಲಿ ಅಥವಾ ಮುಂಗಡವಾಗಿ ಬಂದ ಮತಗಳ ಲಕೋಟೆಯನ್ನು ಚುನಾವಣೆ ದಿನ ಬೆಳಗ್ಗೆ 7 ಗಂಟೆಗೆ ಮುಂಚೆ ಮುಟ್ಟುವ ಹಾಗಿಲ್ಲ. ಮಿಲ್ವಾಕಿ ನಗರ ಇಂಥ ಮತಗಳನ್ನು ಮತಗಟ್ಟೆಗಳಿಗೆ ಹಂಚದೆ ಒಂದೇ ಕಡೆ ಎಣಿಸುತ್ತದೆ. ಉದ್ದಕ್ಕೆ ಮೇಜುಗಳು. ಲಕೋಟೆ ಕೈಗೆತ್ತಿಕೊಂಡು ಮತದಾರರ ಸಹಿ ಇದೆಯಾ, ಸಾಕ್ಷಿಯ ಸಹಿ ಮತ್ತು ವಿಳಾಸ ಇದೆಯಾ ನೋಡಬೇಕು. ಹೆಸರು ಗಟ್ಟಿಯಾಗಿ ಓದಬೇಕು, ಪಕ್ಷದ ವೀಕ್ಷಕರಿಗೆ ಕೇಳಿಸಬೇಕು. ಪಟ್ಟಿಯಲ್ಲಿ ನಂಬರ್ ಹಾಕಬೇಕು. ಆಮೇಲೆ ಲಕೋಟೆ ಹರಿದು, ಮಡಚಿದ ಮತಪತ್ರ ಬಿಡಿಸಿ, ಯಂತ್ರಕ್ಕೆ ಕೊಡಬೇಕು. 2020ರ ಕೋವಿಡ್ ವರ್ಷದಲ್ಲಿ ಇಂಥವು ಸುಮಾರು 1 ಲಕ್ಷ 69 ಸಾವಿರ. ಎಲ್ಲ ಮುಗಿದ ಮೇಲೆ ಫಲಿತಾಂಶದ ಪೆನ್‌ಡ್ರೈವ್‌ಗಳನ್ನು ಪೊಲೀಸ್ ಕಾವಲಿನಲ್ಲಿ ಕೌಂಟಿ ಕಚೇರಿಗೆ ಒಯ್ದರು. ಆಗ ಬೆಳಗಿನ ಜಾವ ಮೂರು ದಾಟಿತ್ತು. ಟಿವಿಯಲ್ಲಿ ಅಲ್ಲಿವರೆಗೆ ಟ್ರಂಪ್ ಮುಂದಿದ್ದರು. ಒಂದೇ ಏಟಿಗೆ ಬೈಡನ್ ಮುಂದೆ ಬಂದರು.

ಹೀಗಾಗುತ್ತದೆ ಅಂತ ಅಧಿಕಾರಿಗಳು ಮೊದಲೇ ಹೇಳಿದ್ದರು. 2018ರ ಗವರ್ನರ್ ಚುನಾವಣೆಯಲ್ಲೂ ಮಿಲ್ವಾಕಿಯ ಮತಗಳು ತಡರಾತ್ರಿ ಬಂದೇ ಡೆಮಾಕ್ರಟಿಕ್ ಅಭ್ಯರ್ಥಿ ಟೋನಿ ಎವರ್ಸ್ ಮುಂದೆ ಹೋಗಿದ್ದರು. ಅವರ ಅಂತಿಮ ಲೀಡ್ 29,227. ಆದರೆ ಮಲಗಿ ಎದ್ದವರಿಗೆ ಕಂಡದ್ದು ರಾತ್ರೋರಾತ್ರಿ ಮತ ತಂದು ಸುರಿದ ಹಾಗೆ. ಹಿಂದಿನ ದಿನವೇ ಲಕೋಟೆ ಪರಿಶೀಲನೆ ಶುರು ಮಾಡಲು ಬಿಡಿ ಅನ್ನುವ ಮಸೂದೆ ವಿಧಾನಮಂಡಲಕ್ಕೆ ಬಂತು, ಕೆಳಮನೆ ಒಪ್ಪಿತು, ಸೆನೆಟ್‌ನಲ್ಲಿ ಕೂತಲ್ಲೇ ಕೂತಿತು. ದಿನವಿಡೀ ಅನುಮಾನ ಹುಟ್ಟಿಸುವ ಪದ್ಧತಿಯನ್ನು ಇಷ್ಟು ಜೋಪಾನ ಮಾಡುವುದು ಯಾಕೋ ನನಗಂತೂ ತಿಳಿಯದು.

ಮರುಎಣಿಕೆಯೂ ಎರಡು ಸಲ ಆಯಿತು. 2016ರಲ್ಲಿ ಗ್ರೀನ್ ಪಕ್ಷದ ಜಿಲ್ ಸ್ಟೈನ್ ದುಡ್ಡು ಕಟ್ಟಿ ಇಡೀ ರಾಜ್ಯದಲ್ಲಿ ಮಾಡಿಸಿದರು. ಟ್ರಂಪ್ ಲೀಡ್ 131 ಹೆಚ್ಚಾಯಿತು! ಆಮೇಲೆ ಕಾನೂನು ಬದಲಾಯಿತು, ನೂರಕ್ಕೆ ಒಂದರೊಳಗಿನ ಅಂತರದಲ್ಲಿ ಸೋತವರು ಮಾತ್ರ ಕೇಳಬಹುದು. 2020ರಲ್ಲಿ ಟ್ರಂಪ್ ಕಡೆಯವರು 30 ಲಕ್ಷ ಡಾಲರ್ ಕಟ್ಟಿ ಡೇನ್, ಮಿಲ್ವಾಕಿ ಎರಡೇ ಕೌಂಟಿಗಳಲ್ಲಿ ಮಾಡಿಸಿದರು. ಈ ಸಲ ಬೈಡನ್ ಲೀಡ್ 87 ಹೆಚ್ಚಾಯಿತು. ಟ್ರಂಪ್ ಕಡೆಯವರ ಪ್ರಕರಣ ರಾಜ್ಯದ ಸುಪ್ರೀಂ ಕೋರ್ಟಿಗೆ ಹೋಗಿ ಡಿಸೆಂಬರ್ 14ರಂದು 4–3ರಲ್ಲಿ ಅವರ ವಿರುದ್ಧ ತೀರ್ಮಾನವಾಯಿತು. ಬಹುಮತದ ತೀರ್ಪು ಬರೆದ ಬ್ರಯಾನ್ ಹೇಗಡಾರ್ನ್ ಕನ್ಸರ್ವೇಟಿವ್ ಬಣದ ಬೆಂಬಲದಿಂದ ಗೆದ್ದು ಬಂದ ನ್ಯಾಯಾಧೀಶರು. ಮರುಎಣಿಕೆ ಅಂದರೆ ನೂರು, ಇನ್ನೂರು ಮತದ ಆಟ. 20 ಸಾವಿರ ಅಲ್ಲಿ ಬೆಟ್ಟ.

ಕೊನೆಗೆ 2024. ಸೋತ ಕಮಲಾ ಹ್ಯಾರಿಸ್‌ಗೆ ಬಿದ್ದ ಮತ 16,68,229. ನಾಲ್ಕು ವರ್ಷದ ಹಿಂದೆ ಗೆದ್ದ ಬೈಡನ್‌ಗೆ ಬಿದ್ದಿದ್ದು 16,30,866. ಮತ ಹೆಚ್ಚಾಗಿಯೂ ಸೋತರು, ಯಾಕೆಂದರೆ ಟ್ರಂಪ್ 16,10,184ರಿಂದ 16,97,626ಕ್ಕೆ ಏರಿದ್ದರು. ಅದೇ ದಿನ, ಅದೇ ಮತಪತ್ರದಲ್ಲಿ ಡೆಮಾಕ್ರಟಿಕ್ ಸೆನೆಟರ್ ಟ್ಯಾಮಿ ಬಾಲ್ಡ್ವಿನ್ ಗೆದ್ದರು. ಲೀಡ್ ಎಷ್ಟು? ಸುಮಾರು 29 ಸಾವಿರ. ಟ್ರಂಪ್‌ದು 29,397. ಇದನ್ನು ನೋಡಿ ಮೂವತ್ತು ಸಾವಿರ ಜನ ಟ್ರಂಪ್‌ಗೂ ಬಾಲ್ಡ್ವಿನ್‌ಗೂ ಹಾಕಿದರು ಅಂತ ಹೇಳಿದವರಿದ್ದಾರೆ. ಆದರೆ ಬಾಲ್ಡ್ವಿನ್‌ಗೆ ಹ್ಯಾರಿಸ್‌ಗಿಂತ ಜಾಸ್ತಿ ಬಿದ್ದದ್ದು ಕೆಲವೇ ಸಾವಿರ. ಅವರ ಎದುರಾಳಿ ಎರಿಕ್ ಹವ್ಡಿಗೆ ಟ್ರಂಪ್‌ಗಿಂತ 50 ಸಾವಿರಕ್ಕೂ ಹೆಚ್ಚು ಕಡಿಮೆ ಬಿತ್ತು. ಆ ವ್ಯತ್ಯಾಸದಲ್ಲಿ ಬಹುಪಾಲು ಬಾಲ್ಡ್ವಿನ್ ಕಡೆ ಬರಲೇ ಇಲ್ಲ. ಟ್ರಂಪ್ ಹೆಸರಿಗೆ ಗುರುತು ಹಾಕಿ ಕೆಳಗಿನದನ್ನು ಖಾಲಿ ಬಿಟ್ಟವರು, ಮೂರನೆಯವರಿಗೆ ಹಾಕಿದವರು ಇದರಲ್ಲಿದ್ದಾರೆ.

ನನ್ನ ಮಾತು ಇಷ್ಟು. ಪ್ರಶ್ನೆಗಳಿದ್ದರೆ ಕೇಳಿ.

ಒಬ್ಬರು ಕೇಳಿದರು: 2016ರಲ್ಲಿ ಕ್ಲಿಂಟನ್ ಸೋಲಲು ಗ್ರೀನ್ ಪಕ್ಷವೇ ಕಾರಣ ಅಂತಾರಲ್ಲ ಸರ್?

ಜಿಲ್ ಸ್ಟೈನ್‌ಗೆ ಬಿದ್ದದ್ದು 31,072. ಲೀಡ್‌ಗಿಂತ ಜಾಸ್ತಿ, ಹೌದು. ಆದರೆ ಲಿಬರ್ಟೇರಿಯನ್ ಪಕ್ಷದ ಗ್ಯಾರಿ ಜಾನ್ಸನ್‌ಗೆ ಲಕ್ಷ ದಾಟಿತ್ತು, ಅವು ಯಾರ ಮತ? ಮಿಲ್ವಾಕಿ ನಗರ ಒಂದರಲ್ಲೇ 2012ಕ್ಕಿಂತ ಸುಮಾರು 41 ಸಾವಿರ ಜನ ಕಡಿಮೆ ಬಂದರು, ಕಪ್ಪು ಜನರ ವಾರ್ಡ್‌ಗಳಲ್ಲಿ ಇಳಿತ ಎದ್ದು ಕಂಡಿತ್ತು. ಅದೇ ಕಾರಣ ಅನ್ನಬಹುದು. ಹೊಸ ಗುರುತಿನ ಚೀಟಿ ಕಾನೂನು, ಪ್ರಚಾರಕ್ಕೆ ಬರದ ಅಭ್ಯರ್ಥಿ, ಡ್ರಿಫ್ಟ್‌ಲೆಸ್‌ನ ರೈತರು. ಅಂತರ 22 ಸಾವಿರ ಇದ್ದಾಗ 22 ಸಾವಿರಕ್ಕಿಂತ ದೊಡ್ಡದಾದ ಯಾವ ಗುಂಪನ್ನು ಹಿಡಿದರೂ ಅದೇ ಕಾರಣ ಅಂತ ತೋರಿಸಬಹುದು. ಎಲ್ಲರೂ ತಮಗೆ ಆಗದವರ ಗುಂಪನ್ನೇ ಹಿಡಿಯುತ್ತಾರೆ ಅಷ್ಟೆ.

ಮುಂದಿನ ಸಾಲಿನ ಒಬ್ಬ ವಿದ್ಯಾರ್ಥಿನಿಯ ಪ್ರಶ್ನೆ: ಅಲ್ಲಿ ಯಾವ ಪಕ್ಷದ ಮತದಾರರು ಎಷ್ಟಿದ್ದಾರೆ ಅಂತ ದಾಖಲೆ ಇರೋದಿಲ್ವಾ?

ಪೆನ್ಸಿಲ್ವೇನಿಯಾ, ಫ್ಲೋರಿಡಾದಲ್ಲಿ ಮತದಾರರು ಪಕ್ಷದ ಹೆಸರು ಹೇಳಿ ನೋಂದಣಿ ಮಾಡಿಸಬಹುದು. ವಿಸ್ಕಾನ್ಸಿನ್‌ನಲ್ಲಿ ಆ ಪದ್ಧತಿ ಇಲ್ಲ. ಜೊತೆಗೆ 1970ರ ದಶಕದಿಂದ ಮತದಾನದ ದಿನವೇ ಮತಗಟ್ಟೆಗೆ ಹೋಗಿ ಹೆಸರು ಸೇರಿಸಿ ಮತ ಹಾಕಬಹುದು. ಹಾಗಾಗಿ ಪಕ್ಷಗಳಿಗೆ ಮೊದಲೇ ಲೆಕ್ಕ ಸಿಗುವುದು ಕಷ್ಟ.

ಇನ್ನೊಬ್ಬರು ಕೇಳಿದರು: ಹಾಗಾದರೆ 2024ರ ನಂತರ ಈ ರಾಜ್ಯ ಟ್ರಂಪ್ ಪಕ್ಷದ್ದಾಯಿತು ಅನ್ನಬಹುದಾ?

ಐದು ತಿಂಗಳು ಬಿಟ್ಟು, 2025ರ ಏಪ್ರಿಲ್ 1ರಂದು ರಾಜ್ಯದ ಸುಪ್ರೀಂ ಕೋರ್ಟಿನ ಒಂದು ಸ್ಥಾನಕ್ಕೆ ಚುನಾವಣೆ ನಡೆಯಿತು. ಅಲ್ಲಿ ನ್ಯಾಯಾಧೀಶರನ್ನೂ ಜನರೇ ಆರಿಸುತ್ತಾರೆ. ಇಲಾನ್ ಮಸ್ಕ್ ಗ್ರೀನ್ ಬೇ ನಗರಕ್ಕೆ ಬಂದು ವೇದಿಕೆ ಮೇಲೆ ಹತ್ತು ಲಕ್ಷ ಡಾಲರಿನ ಚೆಕ್ ಹಂಚಿದರು. ಟ್ರಂಪ್ ಬೆಂಬಲಿಸಿದ ಬ್ರ್ಯಾಡ್ ಶಿಮೆಲ್ ಸುಮಾರು ಶೇ. 10ರ ಅಂತರದಲ್ಲಿ ಸೋತರು, ಗೆದ್ದವರು ಡೆಮಾಕ್ರಟರು ಬೆಂಬಲಿಸಿದ ಸೂಸನ್ ಕ್ರಾಫರ್ಡ್. ರಾಜ್ಯ ಐದು ತಿಂಗಳಲ್ಲಿ ತಿರುಗಿತು ಅಂತ ಮತ್ತೆ ಬರೆದರು. ನವೆಂಬರ್‌ನಲ್ಲಿ ಬಂದ 34 ಲಕ್ಷದಲ್ಲಿ ಏಪ್ರಿಲ್‌ನಲ್ಲಿ ಬಂದದ್ದು 24 ಲಕ್ಷಕ್ಕೂ ಕಡಿಮೆ. ಕ್ರಾಫರ್ಡ್‌ಗೆ ಸಿಕ್ಕಿದ್ದು 13 ಲಕ್ಷ, ಸೋತ ಹ್ಯಾರಿಸ್‌ಗಿಂತ 3.5 ಲಕ್ಷಕ್ಕೂ ಹೆಚ್ಚು ಕಡಿಮೆ. ಶಿಮೆಲ್‌ಗೆ ಟ್ರಂಪ್‌ಗಿಂತ 6 ಲಕ್ಷಕ್ಕೂ ಹೆಚ್ಚು ಕಡಿಮೆ. ಪಕ್ಷ ಬದಲಿಸಿದವರು ಇದ್ದಾರೆ, ಆದರೆ ಮನೆಯಲ್ಲೇ ಉಳಿದ ಹತ್ತು ಲಕ್ಷದ ಮುಂದೆ ಅವರು ಬಹಳ ಸಣ್ಣ ಗುಂಪು. 2028ರಲ್ಲಿ ಅವರಲ್ಲಿ ಎಷ್ಟು ಜನ ಬರುತ್ತಾರೆ ಅನ್ನುವುದನ್ನು ನೀವು ಹೇಳಿದರೆ ಯಾರು ಗೆಲ್ಲುತ್ತಾರೆ ಅಂತ ನಾನು ಹೇಳುತ್ತೇನೆ.